ಕಿರುಗಾತ್ರದ ಅಸೆಂಬಲ್ಡ್ ಕಂಪ್ಯೂಟರ್: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಲ್ಲಿ ಬಿಡಿಭಾಗಗಳ ಆಯ್ಕೆ

ಆಟ ಆಡುವುದಕ್ಕೂ ಸಿನಿಮಾ, ಸಂಗೀತಗಳಿಗೂ ಒದಗುವಂತೆ ಬಿಡಿಭಾಗಗಳನ್ನು ಬೇರೆ ಬೇರೆಯಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುವ, ಹೊರಪೆಟ್ಟಿಗೆಯ ಗಾತ್ರ ಸುಮಾರು 20 ಲೀಟರ್ ಮೀರದ ಗಣಕಯಂತ್ರವೇ ಕಿರುಗಾತ್ರದ ಅಸೆಂಬಲ್ಡ್ ಕಂಪ್ಯೂಟರ್. ಈ ಲೇಖನದಲ್ಲಿ ಹೊರಪೆಟ್ಟಿಗೆಗೆ ಕ್ಯಾಬಿನೆಟ್ ಎಂದೂ ವಿದ್ಯುತ್ ಒದಗಿಸುವ ಘಟಕಕ್ಕೆ ಎಸ್‌ಎಂಪಿಎಸ್ ಎಂದೂ ಅಂಗಡಿಗಳಲ್ಲಿ ರೂಢಿಯಲ್ಲಿರುವ ಹೆಸರುಗಳನ್ನೇ ಇಟ್ಟುಕೊಂಡಿದೆ. ಚಿತ್ರ ಮೂಡಿಸುವ ಭಾಗವನ್ನೂ ತನ್ನೊಳಗೇ ಹೊಂದಿರುವ ಪ್ರೊಸೆಸರನ್ನು ಎಪಿಯು ಎಂದು, ಪ್ರತ್ಯೇಕವಾಗಿ ಸೇರಿಸುವ ಭಾಗವನ್ನು ಗ್ರಾಫಿಕ್ಸ್ ಕಾರ್ಡ್ ಎಂದು ಕರೆದಿದೆ.

ಇಂಥ ಯಂತ್ರ ಕಟ್ಟುವವರು ಸಾಮಾನ್ಯವಾಗಿ ಮೊದಲು ಗ್ರಾಫಿಕ್ಸ್ ಕಾರ್ಡನ್ನು ಆರಿಸುತ್ತಾರೆ. ಅದಕ್ಕೆ ತಕ್ಕ ಪ್ರೊಸೆಸರ್, ಅದಕ್ಕೆ ತಕ್ಕ ಮದರ್‌ಬೋರ್ಡ್, ಉಳಿದ ಹಣಕ್ಕೆ ಎಸ್‌ಎಂಪಿಎಸ್ ಮತ್ತು ಕ್ಯಾಬಿನೆಟ್. ಹವಾನಿಯಂತ್ರಿತ ಕೋಣೆ, ಅಲುಗಾಡದ ವಿದ್ಯುತ್ತು, ಹತ್ತಿರದಲ್ಲೇ ಸೇವಾ ಕೇಂದ್ರ ಇರುವ ಊರಿಗೆ ಈ ಕ್ರಮ ಸರಿ. ಚಿತ್ರದುರ್ಗ ಜಿಲ್ಲೆಯ ಪೂರ್ವದಂಚಿನ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಇದನ್ನು ತಿರುವಿ ಹಾಕಬೇಕಾಗುತ್ತದೆ. ಇಲ್ಲಿ ಯಂತ್ರದ ಆಯುಸ್ಸನ್ನೂ ವೇಗವನ್ನೂ ನಿರ್ಧರಿಸುವುದು ಒಳಗೆ ಬರುವ ಕರೆಂಟು, ಹೊರಗೆ ಹೋಗಬೇಕಾದ ಶಾಖ, ಜೊತೆಗೆ ನುಗ್ಗುವ ದೂಳು. ಆದ್ದರಿಂದ ಎಸ್‌ಎಂಪಿಎಸ್ ಮತ್ತು ಕ್ಯಾಬಿನೆಟ್ ಮೊದಲು, ಪ್ರೊಸೆಸರ್ ಆಮೇಲೆ, ಗ್ರಾಫಿಕ್ಸ್ ಕಾರ್ಡ್ ಕೊನೆಗೆ ಎಂಬ ಕ್ರಮವೇ ಈ ಸೀಮೆಗೆ ಹೊಂದುತ್ತದೆ.

ಉಗಮ

ಐಬಿಎಂ 1981ರಲ್ಲಿ ತನ್ನ ಪಿ.ಸಿ.ಯನ್ನು ಬೇರೆಯವರ ಕಾರ್ಡುಗಳನ್ನೂ ಸೇರಿಸಬಹುದಾದ ತೆರೆದ ರಚನೆಯಲ್ಲಿ ಹೊರತಂದದ್ದು ಬಿಡಿಭಾಗಗಳ ಮಾರುಕಟ್ಟೆಗೆ ದಾರಿ ಮಾಡಿತು. ಇಂಟೆಲ್ 1995ರಲ್ಲಿ ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಮಾಡಿತು: ಮದರ್‌ಬೋರ್ಡ್ 305 × 244 ಮಿ.ಮೀ. 1997ರ ಮೈಕ್ರೊ ಎಟಿಎಕ್ಸ್ 244 × 244ಕ್ಕೆ ಇಳಿಯಿತು. ತೈವಾನಿನ ವಿಯಾ ಟೆಕ್ನಾಲಜೀಸ್ 2001ರಲ್ಲಿ ಪ್ರಕಟಿಸಿದ ಮಿನಿ ಐಟಿಎಕ್ಸ್‌ನ ಅಳತೆ 170 × 170. ಅಂದರೆ ಎಟಿಎಕ್ಸ್ ಹಲಗೆಯ ಐದರಲ್ಲಿ ಎರಡು ಪಾಲಿಗಿಂತಲೂ ತುಸು ಕಡಿಮೆ ಜಾಗ. ವಿಯಾ ಇದನ್ನು ರೂಪಿಸಿದ್ದು ಕಡಿಮೆ ವಿದ್ಯುತ್ ಬೇಡುವ ತನ್ನ ಪ್ರೊಸೆಸರುಗಳಿಗಾಗಿ. ಆಟಕ್ಕೆ ಅವು ಸಾಲುತ್ತಿರಲಿಲ್ಲ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಒಂದೇ ಚಿಪ್ಪಿನಲ್ಲಿರುವ ಎಪಿಯುಗಳನ್ನು ಎಎಂಡಿ 2011ರಲ್ಲಿ ಮಾರುಕಟ್ಟೆಗೆ ತಂದಿತು. 2018ರ ಫೆಬ್ರುವರಿಯಲ್ಲಿ ಬಂದ ರೈಜೆನ್ 2200ಜಿ, 2400ಜಿಗಳ ನಂತರವೇ ಬೇರೆ ಕಾರ್ಡಿಲ್ಲದ ಪುಟ್ಟ ಪೆಟ್ಟಿಗೆಯಲ್ಲಿ ಸಾಧಾರಣ ಮಟ್ಟದ ಆಟ ಸಾಧ್ಯವೆಂಬುದು ಖಚಿತವಾಯಿತು.

ಭಾರತ 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದವನ್ನು ಸೇರಿದ ಮೇಲೆ ಕಂಪ್ಯೂಟರ್ ಭಾಗಗಳ ಆಮದು ಸುಂಕ ಹಂತಹಂತವಾಗಿ ಇಳಿಯಿತು. ಕರ್ನಾಟಕದಲ್ಲಿ ಈ ವ್ಯಾಪಾರ ನೆಲೆಯೂರಿದ್ದು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ, ಜನರ ಬಾಯಲ್ಲಿ ಎಸ್.ಪಿ. ರೋಡ್. ಚಳ್ಳಕೆರೆಯಿಂದ ಅಲ್ಲಿಗೆ ಹಿರಿಯೂರಿನ ಮೇಲೆ ಸುಮಾರು 200 ಕಿ.ಮೀ.; ಮೊಳಕಾಲ್ಮೂರಿನಿಂದ ಇನ್ನೂ ದೂರ. ಆಯ್ಕೆಯ ತರ್ಕದಲ್ಲಿ ಈ ದೂರಕ್ಕೂ ಒಂದು ಸ್ಥಾನವಿದೆ.

ವಿದ್ಯುತ್ತು ಮತ್ತು ಎಸ್‌ಎಂಪಿಎಸ್

ಚಿತ್ರದುರ್ಗ ಜಿಲ್ಲೆಗೆ ವಿದ್ಯುತ್ ಪೂರೈಸುವುದು ಬೆಸ್ಕಾಂ. ಮನೆಗೆ ಸಿಗಬೇಕಾದ ವೋಲ್ಟೇಜ್ 230. ಶೇ 6ರಷ್ಟು ಏರಿಳಿತಕ್ಕೆ ಅವಕಾಶ, ಅಂದರೆ 216ರಿಂದ 244ರೊಳಗೆ ಇರಬೇಕು. ಈ ತಾಲ್ಲೂಕುಗಳ ನೀರಾವರಿ ಬಹುಪಾಲು ಕೊಳವೆಬಾವಿಗಳನ್ನು ನೆಚ್ಚಿಕೊಂಡದ್ದು. ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ಅದೇ ಲೈನಿನ ತುದಿಯಲ್ಲಿರುವ ಮನೆಗೆ ವೋಲ್ಟೇಜ್ ಇಳಿಯುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರನ್ನೂ ಪಂಪ್‌ಸೆಟ್ಟುಗಳ ಫೀಡರನ್ನೂ ಬೇರ್ಪಡಿಸಿದ ಮೇಲೆ ಈ ಮಾತು ಹಳತಾಯಿತು ಎಂದು ವಾದಿಸಬಹುದು. ಊರೊಳಗಿನ ಮನೆಗಳ ಮಟ್ಟಿಗೆ ಆ ವಾದದಲ್ಲಿ ಹುರುಳಿದೆ. ಹೊಲದ ನಡುವಿನ ತೋಟದ ಮನೆಗೆ ಅದು ಸಲ್ಲದು; ಊರೊಳಗೂ ಗಾಳಿ ಮಳೆಯ ದಿನಗಳಲ್ಲಿ ಕರೆಂಟು ಹೋಗಿ ಬರುವುದು ನಿಂತಿಲ್ಲ. ಯಂತ್ರ ಹಾಳಾಗುವುದು ವರ್ಷವಿಡೀ ಸರಿಯಿದ್ದ ವೋಲ್ಟೇಜಿನಿಂದಲ್ಲ, ಒಂದು ಸಂಜೆಯ ಏರುಪೇರಿನಿಂದ.

ಇಲ್ಲಿ ನೋಡಬೇಕಾದದ್ದು ಎಸ್‌ಎಂಪಿಎಸ್‌ನ ಪಕ್ಕಕ್ಕೆ ಅಂಟಿಸಿದ ಚೀಟಿ. ಅಗ್ಗದ ಹಲವು ಘಟಕಗಳ ಮೇಲೆ 200–240 ವೋಲ್ಟ್ ಎಂದಿರುತ್ತದೆ. 100–240 ಎಂದು ಅಚ್ಚಾಗಿರುವುದು ವೋಲ್ಟೇಜ್ 170ಕ್ಕೆ ಕುಸಿದರೂ ಯಂತ್ರವನ್ನು ನಡೆಸಿಕೊಂಡು ಹೋಗುತ್ತದೆ. ಎರಡನೆಯದರಲ್ಲಿ ಸಾಮಾನ್ಯವಾಗಿ ಆ್ಯಕ್ಟಿವ್ ಪಿಎಫ್‌ಸಿ ಎಂಬ ಮಂಡಲವಿರುತ್ತದೆ. ಈ ಮಂಡಲ ಇದ್ದಾಗ ಹಳೆಯ ಚೌಕ ತರಂಗದ ಇನ್ವರ್ಟರಿಗಿಂತ ಶುದ್ಧ ಸೈನ್ ತರಂಗದ ಇನ್ವರ್ಟರ್ ಸುರಕ್ಷಿತ. ಇನ್ನೊಂದು ಸಂಗತಿ ಕರೆಂಟು ಹೋದ ಕ್ಷಣದ್ದು. ಕೆಪಾಸಿಟರಿನಲ್ಲಿ ಉಳಿದ ಶಕ್ತಿಯಿಂದ ಎಸ್‌ಎಂಪಿಎಸ್ ಪೂರ್ಣ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡು ತಡೆದುಕೊಳ್ಳುತ್ತದೆ. ಮನೆಯ ಇನ್ವರ್ಟರನ್ನು ಯುಪಿಎಸ್ ಸ್ಥಿತಿಯಲ್ಲಿಟ್ಟರೆ ಬದಲಾವಣೆಗೆ ಹತ್ತು ಮಿಲಿಸೆಕೆಂಡಿನ ಆಸುಪಾಸು ಸಾಕು. ಸಾಮಾನ್ಯ ಸ್ಥಿತಿಯಲ್ಲಿ ಅದರ ಹಲವು ಪಟ್ಟು ಬೇಕು, ಅಷ್ಟರಲ್ಲಿ ಯಂತ್ರ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಹೊರೆ ಕಡಿಮೆಯಾದಷ್ಟೂ ಈ ತಡೆಯುವ ಕಾಲ ಹೆಚ್ಚುತ್ತದೆ. 150 ವ್ಯಾಟ್ ಬೇಡುವ ಯಂತ್ರಕ್ಕೆ 450 ವ್ಯಾಟಿನ ಘಟಕ ಹಾಕುವುದು ದುಂದಲ್ಲ ಎನ್ನುವುದು ಇದರಿಂದಲೇ. ಹೆಚ್ಚು ವ್ಯಾಟಿನದು ಹೆಚ್ಚು ಕರೆಂಟು ಎಳೆಯುತ್ತದೆ ಎಂಬ ನಂಬಿಕೆ ತಪ್ಪು. ಘಟಕ ಎಳೆಯುವುದು ಒಳಗಿನ ಭಾಗಗಳು ಕೇಳಿದಷ್ಟನ್ನು ಮತ್ತು ಪರಿವರ್ತನೆಯ ನಷ್ಟವನ್ನು ಮಾತ್ರ.

ಮನೆಗಳಲ್ಲಿ ಸಾಮಾನ್ಯವಾಗಿರುವ 12 ವೋಲ್ಟಿನ, 150 ಆಂಪಿಯರ್–ಅವರ್ ಬ್ಯಾಟರಿಯ ಒಟ್ಟು ಶಕ್ತಿ 1,800 ವ್ಯಾಟ್–ಅವರ್. ನಷ್ಟವನ್ನು ಕಳೆದು, ಬ್ಯಾಟರಿಯನ್ನು ತಳದವರೆಗೆ ಬರಿದು ಮಾಡದೆ ಬಳಸಿದರೆ ಕೈಗೆ ಸಿಗುವುದು ಸುಮಾರು 1,200. ಎಪಿಯು ಇರುವ ಯಂತ್ರ 100 ವ್ಯಾಟ್, ಟಿ.ವಿ. 80 ವ್ಯಾಟ್ ಎಂದು ಹಿಡಿದರೆ ಆರೂವರೆ ಗಂಟೆ ನಡೆಯುತ್ತದೆ. 400 ವ್ಯಾಟಿನ ಯಂತ್ರವಾದರೆ ಎರಡೂವರೆ ಗಂಟೆ. ತಿಂಗಳ ಲೆಕ್ಕವೂ ಹೀಗೆಯೇ. ದಿನಕ್ಕೆ ಮೂರು ಗಂಟೆಯ ಬಳಕೆಗೆ ಮೊದಲನೆಯದು 9 ಯೂನಿಟ್, ಎರಡನೆಯದು 36 ಯೂನಿಟ್ ತಿನ್ನುತ್ತದೆ. 2023ರ ಜುಲೈಯಲ್ಲಿ ಜಾರಿಯಾದ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯ ಮಿತಿಯನ್ನು ಆಯಾ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಗೊತ್ತುಮಾಡಲಾಗಿದ್ದು, ಮಿತಿ ಮೀರಿದ ಯೂನಿಟ್ಟಿಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಹಿಂದೆ ಕಡಿಮೆ ಕರೆಂಟು ಬಳಸುತ್ತಿದ್ದ ಮನೆಯಲ್ಲಿ 36 ಯೂನಿಟ್ಟಿನ ಹೊಸ ಹೊರೆ ಉಚಿತ ಮಿತಿಯನ್ನು ಸುಲಭವಾಗಿ ದಾಟುತ್ತದೆ. ವ್ಯಾಟನ್ನು ಮೊದಲು ಗೊತ್ತುಮಾಡಿಕೊಂಡು ಭಾಗಗಳಿಗೆ ಕೈಹಾಕಬೇಕು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ.

ಅರ್ಥಿಂಗ್ ವಿಷಯ ಬಿಡಿಭಾಗಗಳ ಪಟ್ಟಿಯಲ್ಲಿ ಬರುವುದೇ ಇಲ್ಲ, ಆದರೆ ಟಿ.ವಿ.ಗೆ ಜೋಡಿಸುವ ಯಂತ್ರಕ್ಕೆ ಅದು ತೀರ ಮುಖ್ಯ. ಎಸ್‌ಎಂಪಿಎಸ್‌ನ ಶೋಧಕ ಕೆಪಾಸಿಟರುಗಳು ಅಲ್ಪ ಪ್ರಮಾಣದ ಸೋರಿಕೆಯನ್ನು ಅರ್ಥ್ ತಂತಿಗೆ ಬಿಡುತ್ತವೆ. ಆ ತಂತಿಗೆ ನೆಲ ಸಿಗದಿದ್ದರೆ ಕ್ಯಾಬಿನೆಟ್ಟಿನ ಲೋಹ ಸುಮಾರು 115 ವೋಲ್ಟಿನ ಮಟ್ಟಕ್ಕೆ ಏರುತ್ತದೆ. ಮುಟ್ಟಿದರೆ ಕೈ ಜುಮ್ಮೆನ್ನುವುದು ಇದರಿಂದ. ಜನರಿಗೆ ಇದು ಸಣ್ಣ ತೊಂದರೆ ಎನಿಸಬಹುದು, ಆದರೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸುವ ಹೊತ್ತಿನಲ್ಲಿ ಟಿ.ವಿ.ಯ ಅಥವಾ ಮದರ್‌ಬೋರ್ಡಿನ ಪೋರ್ಟನ್ನು ಸುಡಲು ಅಷ್ಟು ಸಾಕು. ಮಳೆ ಕಡಿಮೆಯಾದ ನೆಲದಲ್ಲಿ ಬೇಸಿಗೆಗೆ ಅರ್ಥಿಂಗ್ ಗುಂಡಿ ಒಣಗಿ ಅದರ ರೋಧ ಏರುತ್ತದೆ. ಉಪ್ಪು, ಇದ್ದಿಲು ತುಂಬಿದ ಗುಂಡಿಗೆ ಆಗಾಗ ನೀರು ಹೊಯ್ಯುವ ಹಳೆಯ ರೂಢಿಗೆ ಇದೇ ಕಾರಣ. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಈ ಯಂತ್ರವನ್ನು ನಡೆಸಬಾರದು.

ಎಸ್‌ಎಂಪಿಎಸ್‌ನ ಅಳತೆ ಕ್ಯಾಬಿನೆಟ್ಟನ್ನು ಕಟ್ಟಿಹಾಕುತ್ತದೆ. ಕಿರುಗಾತ್ರಕ್ಕೆಂದೇ ಮಾಡಿದ ಎಸ್‌ಎಫ್‌ಎಕ್ಸ್ ಘಟಕ 125 × 100 × 63.5 ಮಿ.ಮೀ.; ಸಾಮಾನ್ಯ ಎಟಿಎಕ್ಸ್ ಘಟಕದ ಅಗಲ 150, ಎತ್ತರ 86. ಮೊದಲನೆಯದು ಚಿಕ್ಕದು, ದುಬಾರಿ, ಕೆಟ್ಟರೆ ಬೆಂಗಳೂರಿನಿಂದಲೋ ಕೊರಿಯರಿನಿಂದಲೋ ತರಿಸಬೇಕಾದದ್ದು. ಎರಡನೆಯದು ಕಂಪ್ಯೂಟರ್ ರಿಪೇರಿ ಮಾಡುವ ಯಾವ ಅಂಗಡಿಯಲ್ಲೂ ದೊರೆಯುವಂಥದು. ನಾಲ್ಕೈದು ಲೀಟರ್ ಉಳಿಸುವ ಆಸೆಗಿಂತ, ಕೆಟ್ಟ ದಿನವೇ ಬದಲಿಸಿಕೊಳ್ಳುವ ಅನುಕೂಲ ಇಲ್ಲಿ ಹೆಚ್ಚು ಬೆಲೆಯುಳ್ಳದ್ದು.

ಶಾಖ, ದೂಳು ಮತ್ತು ಕ್ಯಾಬಿನೆಟ್

ಮಳೆ ನೆರಳಿನ ಈ ಪ್ರದೇಶದಲ್ಲಿ ವರ್ಷದ ಮಳೆ ಸುಮಾರು 500 ಮಿ.ಮೀ. ಆಸುಪಾಸಿನಲ್ಲಿದೆ, ರಾಜ್ಯದ ತೀರ ಒಣ ಭಾಗಗಳಲ್ಲಿ ಇದೂ ಒಂದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 38–40 ಡಿಗ್ರಿ ಮುಟ್ಟುತ್ತದೆ, ಕಾದ ತಾರಸಿ ರಾತ್ರಿಯವರೆಗೂ ಶಾಖ ಬಿಡುತ್ತಿರುತ್ತದೆ. ಆಟ, ಸಿನಿಮಾ ನಡೆಯುವುದೂ ಆ ಹೊತ್ತಿನಲ್ಲೇ.

ಬಿಸಿಯೂರುಗಳಲ್ಲೂ ಕಂಪ್ಯೂಟರ್ ಓಡುತ್ತದೆ, ಹತ್ತು ಡಿಗ್ರಿಗೆ ಏನಾದೀತು ಎಂದು ಕೇಳಬಹುದು. ಲೆಕ್ಕ ಸರಳ: ಪ್ರೊಸೆಸರಿನ ಉಷ್ಣತೆ ಎಂದರೆ ಕೋಣೆಯ ಉಷ್ಣತೆ, ಕ್ಯಾಬಿನೆಟ್ ಒಳಗಿನ ಹೆಚ್ಚಳ, ಹೀಟ್‌ಸಿಂಕ್ ದಾಟಿಸಲಾರದೆ ಉಳಿದ ಶಾಖ ಇವುಗಳ ಮೊತ್ತ. 65 ವ್ಯಾಟ್ ಎಂದು ಗುರುತಿಸಿದ ಎಎಂಡಿ ಪ್ರೊಸೆಸರ್ ಒತ್ತಡದಲ್ಲಿ 88 ವ್ಯಾಟ್‌ವರೆಗೆ ಎಳೆಯುತ್ತದೆ. ಕಿರುಗಾತ್ರದ ತೆಳು ಹೀಟ್‌ಸಿಂಕ್ ಪ್ರತಿ ವ್ಯಾಟಿಗೆ 0.6 ಡಿಗ್ರಿ ಏರಿಸುತ್ತದೆ ಎಂದಿಟ್ಟುಕೊಂಡರೆ 53 ಡಿಗ್ರಿ, ಪೆಟ್ಟಿಗೆಯೊಳಗೆ 8 ಡಿಗ್ರಿ. ಕೋಣೆ 24 ಇದ್ದರೆ ಮೊತ್ತ 85; ಕೋಣೆ 38 ಇದ್ದರೆ 99. ಈ ಚಿಪ್ಪುಗಳ ಮಿತಿ 95. ಮಿತಿ ಮುಟ್ಟಿದೊಡನೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಫ್ಯಾನು ಕಿರುಚತೊಡಗುತ್ತದೆ. ಅದೇ ಚಿಪ್ಪನ್ನು ಮದರ್‌ಬೋರ್ಡಿನ ಬಯೋಸ್ ಸೆಟ್ಟಿಂಗಿನಲ್ಲಿ 45 ವ್ಯಾಟಿನ ಮಟ್ಟಕ್ಕೆ ಇಳಿಸಿದರೆ ಎಳೆತ ಸುಮಾರು 60 ವ್ಯಾಟಿಗೆ ಬಂದು, 38 ಡಿಗ್ರಿಯ ಕೋಣೆಯಲ್ಲೂ ಉಷ್ಣತೆ 80ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆಟದಲ್ಲಿ ಕಳೆದುಕೊಳ್ಳುವುದು ಅಲ್ಪ, ಏಕೆಂದರೆ ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗೇ ಚಿಪ್ಪು ಅತಿ ಹೆಚ್ಚು ವ್ಯಾಟ್ ಸುಡುತ್ತದೆ. ಅಂತೂ ಕಿರುತನವನ್ನು ಲೀಟರಿನಲ್ಲಷ್ಟೇ ಅಳೆದರೆ ಅರ್ಧ ಲೆಕ್ಕ. ಪ್ರತಿ ಲೀಟರಿಗೆ ಎಷ್ಟು ವ್ಯಾಟ್ ಎಂದು ಅಳೆಯುವುದು ಪೂರ್ತಿ ಲೆಕ್ಕ.

ದೂಳಿನ ಮೂಲಗಳು ಹಲವು: ಬೇಸಿಗೆಯ ಕೆಮ್ಮಣ್ಣು, ಆಷಾಢದ ಬಿರುಗಾಳಿ, ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಶೇಂಗಾ ಸಿಪ್ಪೆಯ ಹೊಟ್ಟು, ಕಂಬಳಿ ನೇಯುವ ಮನೆಗಳಲ್ಲಿ ಉಣ್ಣೆಯ ಎಳೆ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಎಳೆ ಸಿಕ್ಕಿಕೊಂಡು, ಅದರ ಮೇಲೆ ಮಣ್ಣು ಕೂತರೆ ಗಾಳಿಯ ದಾರಿಯೇ ಮುಚ್ಚುತ್ತದೆ. ಕಿರು ಕ್ಯಾಬಿನೆಟ್ಟಿನಲ್ಲಿ ರೆಕ್ಕೆಗಳ ಅಂತರವೂ ಕಿರಿದಾದ್ದರಿಂದ ಇದು ಬೇಗ ಆಗುತ್ತದೆ. ಬಿಚ್ಚಿ ತೊಳೆಯಬಹುದಾದ ಜಾಲರಿ, ಹೊರದೂಡುವ ಗಾಳಿಗಿಂತ ಒಳಗೂದುವ ಗಾಳಿ ಹೆಚ್ಚಿರುವ ಫ್ಯಾನ್ ವ್ಯವಸ್ಥೆ ಇವೆರಡನ್ನು ಬಿಟ್ಟುಕೊಡಬಾರದು. ಗಾಳಿ ಜಾಲರಿಯ ಮೂಲಕವೇ ಒಳಬಂದು ಸಂದುಗಳಿಂದ ಹೊರಹೋದರೆ ದೂಳು ಹೊರಗೇ ಉಳಿಯುತ್ತದೆ. ತಿರುಗಾಮುರುಗಾ ಆದರೆ ಪ್ರತಿ ಸಂದೂ ದೂಳಿನ ಬಾಗಿಲು. ಸುತ್ತ ತೂತುಗಳಿದ್ದು ಜಾಲರಿಯೇ ಇಲ್ಲದ ಅಂದದ ಕ್ಯಾಬಿನೆಟ್ಟುಗಳು ಈ ಸೀಮೆಗೆ ಒಗ್ಗುವುದಿಲ್ಲ.

ಹಾಗಾದರೆ ದೊಡ್ಡ ಟವರ್ ಕ್ಯಾಬಿನೆಟ್ಟೇ ಲೇಸಲ್ಲವೇ? ಶಾಖದ ಮಟ್ಟಿಗೆ ಹೌದು. ಆದರೆ ದೊಡ್ಡ ಪೆಟ್ಟಿಗೆ ದೊಡ್ಡ ಕಾರ್ಡನ್ನು ಕರೆಯುತ್ತದೆ, ಕಾರ್ಡು ವ್ಯಾಟನ್ನು, ವ್ಯಾಟು ಬ್ಯಾಟರಿಯನ್ನು. ಟಿ.ವಿ. ಸ್ಟ್ಯಾಂಡಿನಲ್ಲಿ ಕೂರದ ಯಂತ್ರ ನಡುಮನೆಯ ಯಂತ್ರವಾಗುವುದಿಲ್ಲ. ವಾರಂಟಿಗಾಗಿ ಬಸ್ಸಿನಲ್ಲಿ ಹಿರಿಯೂರು, ಬೆಂಗಳೂರು ಎಂದು ಒಯ್ಯಬೇಕಾದಾಗ ಆರು ಕೆ.ಜಿ.ಗೂ ಹದಿನಾಲ್ಕು ಕೆ.ಜಿ.ಗೂ ಇರುವ ಅಂತರ ದೊಡ್ಡದು. 15–20 ಲೀಟರಿನ ನಡುವೆ ಗಾಳಿಗೂ ಜಾಗವಿರುತ್ತದೆ, ಯಂತ್ರವೂ ಕೈಗೆ ನಿಲುಕುತ್ತದೆ.

ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್

ಎಪಿಯು ಆಟಕ್ಕೆ ಸಾಲದು ಎಂಬುದು ಅತ್ಯಂತ ಬಲವಾದ ಆಕ್ಷೇಪ. ಹೊಸ ದೊಡ್ಡ ಆಟಗಳನ್ನು 4ಕೆ ಪರದೆಯಲ್ಲಿ ಗರಿಷ್ಠ ಗುಣಮಟ್ಟದಲ್ಲಿ ಆಡಬೇಕೆಂದರೆ ಸಾಲುವುದಿಲ್ಲ, ನಿಜ. 1080 ಗೆರೆಗಳ ಮಟ್ಟದಲ್ಲಿ, ಸಾಧಾರಣ ಗುಣಮಟ್ಟಕ್ಕೆ ಒಪ್ಪುವುದಾದರೆ ಚಿತ್ರ ಬೇರೆ. 2024ರ ಜನವರಿಯಲ್ಲಿ ಬಂದ ರೈಜೆನ್ 7 8700ಜಿಯೊಳಗಿನ ರೇಡಿಯಾನ್ 780ಎಂ ಜನಪ್ರಿಯ ಸ್ಪರ್ಧಾ ಆಟಗಳನ್ನು ಆರಾಮವಾಗಿ ನಡೆಸುತ್ತದೆ. 2022ರ ಸ್ಟೀಮ್ ಡೆಕ್ ಎಂಬ ಕೈಯಂತ್ರದ ಎಪಿಯು 15 ವ್ಯಾಟಿಗೆ ಮೀರದೆಯೂ ಆಟಗಳ ದೊಡ್ಡ ಭಂಡಾರವನ್ನು ನಿಭಾಯಿಸಿ ತೋರಿಸಿತು. ಮೇಲಾಗಿ, ಕ್ಯಾಬಿನೆಟ್ಟಿನಲ್ಲಿ ಜಾಗವಿದ್ದರೆ ಎಪಿಯುನಿಂದ ಆರಂಭಿಸಿದವರಿಗೆ ಮುಂದೆ ಕಾರ್ಡು ಸೇರಿಸುವ ದಾರಿ ಮುಚ್ಚಿರುವುದಿಲ್ಲ.

ಎಪಿಯು ಕೊಂಡವರು ಹೆಚ್ಚಾಗಿ ಎಡವುವುದು ರ‍್ಯಾಮಿನಲ್ಲಿ. ಅದಕ್ಕೆ ಪ್ರತ್ಯೇಕ ಚಿತ್ರಸ್ಮೃತಿ ಇಲ್ಲ. ಸಾಮಾನ್ಯ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಡಿಡಿಆರ್4 3200 ರ‍್ಯಾಮ್ ಎರಡು ಹಲಗೆಗಳಲ್ಲಿದ್ದರೆ ಸೆಕೆಂಡಿಗೆ 51.2 ಜಿಬಿ ಸಾಗಿಸುತ್ತದೆ, ಒಂದರಲ್ಲಿದ್ದರೆ ಅರ್ಧ. ಡಿಡಿಆರ್5 6000 ಆದರೆ ಎರಡು ಹಲಗೆಗೆ 96 ಜಿಬಿ. ಹೀಗಾಗಿ 16 ಜಿಬಿಯ ಒಂದು ಹಲಗೆಗಿಂತ 8 ಜಿಬಿಯ ಎರಡು ಹಲಗೆಗಳು ಆಟದಲ್ಲಿ ಎದ್ದು ಕಾಣುವಷ್ಟು ಮೇಲು. ಮಿನಿ ಐಟಿಎಕ್ಸ್ ಮದರ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಎರಡೇ ರ‍್ಯಾಮ್ ಜಾಗ, ಒಂದೇ ಕಾರ್ಡ್ ಜಾಗ ಇರುತ್ತವೆ. ಮೈಕ್ರೊ ಎಟಿಎಕ್ಸ್‌ನಲ್ಲಿ ಹೆಚ್ಚಿರುವುದಲ್ಲದೆ ಬೆಲೆಯೂ ಇಳಿದಿರುತ್ತದೆ.

ಕಾರ್ಡು ಬೇಕೆಂದಾಗ 75 ವ್ಯಾಟ್ ಎಂಬ ಗೆರೆಯನ್ನು ನೆನಪಿಡಬೇಕು. ಮದರ್‌ಬೋರ್ಡಿನ ಸ್ಲಾಟು ಕೊಡುವುದು ಅಷ್ಟನ್ನೇ. ಅದರೊಳಗಿನ ಕಾರ್ಡಿಗೆ ಬೇರೆ ವಿದ್ಯುತ್ ತಂತಿ ಬೇಡ. 70 ವ್ಯಾಟಿನ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿ ಇಂಥದು. ಅದಕ್ಕಿಂತಲೂ ಕಡಿಮೆ, 53 ವ್ಯಾಟ್ ಬೇಡುವ ಆರ್‌ಎಕ್ಸ್ 6400ರಲ್ಲಿ ಎರಡು ಕೊರತೆಗಳಿವೆ. ಮದರ್‌ಬೋರ್ಡಿನೊಂದಿಗೆ ದತ್ತಾಂಶ ಸಾಗಿಸುವ ಪಿಸಿಐಇ ಹಾದಿಗಳಲ್ಲಿ ಅದು ನಾಲ್ಕನ್ನೇ ಬಳಸುವುದರಿಂದ ಮೂರನೆಯ ತಲೆಮಾರಿನ ಪಿಸಿಐಇ ಮಾತ್ರವಿರುವ ರೈಜೆನ್ 5600ಜಿ ಎಪಿಯುವಿನ ಜೊತೆ ವೇಗ ಕುಗ್ಗುತ್ತದೆ. ಎವಿ1 ಎಂಬ ಸಂಕುಚನ ವಿಧಾನದ ವಿಡಿಯೊವನ್ನು ಬಿಡಿಸುವ ಯಂತ್ರಾಂಶವೂ ಅದರಲ್ಲಿಲ್ಲ.

ಬಗೆಗಳು

ಐದು ಲೀಟರಿನೊಳಗಿನ ಕ್ಯಾಬಿನೆಟ್ಟುಗಳು ಬಹುತೇಕ ಎಪಿಯುಗಷ್ಟೇ ಹೊಂದುತ್ತವೆ: ಇನ್‌ವಿನ್ ಚೋಪಿನ್ 3.3 ಲೀಟರ್, ಎಸ್‌ರಾಕ್ ಡೆಸ್ಕ್‌ಮಿನಿ ಎಕ್ಸ್300 ಎರಡು ಲೀಟರಿಗೂ ಕಡಿಮೆ. ಎರಡನೆಯದು ಹೊರಗಿನ 120 ವ್ಯಾಟಿನ ಅಡಾಪ್ಟರಿನಿಂದ ನಡೆಯುತ್ತದೆ. 7.2 ಲೀಟರಿನ ಡ್ಯಾನ್ ಎ4 ಬಗೆಯಲ್ಲಿ ಕಾರ್ಡು ಮದರ್‌ಬೋರ್ಡಿನ ಬೆನ್ನಿಗೆ ಕೂರುತ್ತದೆ. ಜಾಣತನದ ರಚನೆ, ಆದರೆ ಈ ಬಿಸಿಲಿಗೆ ಇಕ್ಕಟ್ಟು. 18.25 ಲೀಟರಿನ ಕೂಲರ್ ಮಾಸ್ಟರ್ ಎನ್‌ಆರ್200 ಗಾಳಿಯಾಟದಲ್ಲಿ ಒಳ್ಳೆಯದು, ಎಸ್‌ಎಫ್‌ಎಕ್ಸ್ ಘಟಕವನ್ನು ಕೇಳುತ್ತದೆ.

ಬಳಕೆ

ಸಿನಿಮಾ ಮಾತ್ರ ಸಾಕೆನ್ನುವವರಿಗೆ ಜೋಡಣೆಯ ಕಷ್ಟವೇ ಬೇಡ, ಟಿ.ವಿ.ಗೆ ಚುಚ್ಚುವ ಪುಟ್ಟ ಸಾಧನ ಸಾಕು. ವಿಡಿಯೊ ಸೇವೆಗಳಲ್ಲಿ ಹಲವು ಕಂಪ್ಯೂಟರಿನ ಬ್ರೌಸರಿಗೆ ಪೂರ್ಣ ಗುಣಮಟ್ಟ ಕೊಡುವುದೂ ಇಲ್ಲ. ಆಟ, ಮಕ್ಕಳ ಓದು, ಮೊಳಕಾಲ್ಮೂರಿನ ನೇಕಾರಿಕೆಯ ಮನೆಯಾದರೆ ರೇಷ್ಮೆ ಸೀರೆಯ ಅಂಚು–ಸೆರಗಿನ ಚಿತ್ರಣ, ಇವೆಲ್ಲ ಒಂದೇ ಯಂತ್ರದಲ್ಲಿ ಆಗಬೇಕೆಂದಾಗ ಕಿರುಗಣಕಕ್ಕೆ ಅರ್ಥ ಬರುತ್ತದೆ. ವಿಡಿಯೊಗಾಗಿ ಆರಿಸುವಾಗ 2013ರ ಎಚ್‌ಇವಿಸಿ, 2018ರ ಎವಿ1 ಎಂಬ ಎರಡು ಸಂಕುಚನ ವಿಧಾನಗಳನ್ನೂ ಯಂತ್ರಾಂಶದಲ್ಲೇ ಬಿಡಿಸಬಲ್ಲ ಚಿಪ್ಪು ಬೇಕು. 8700ಜಿ ಎರಡನ್ನೂ ಮಾಡುತ್ತದೆ, 5600ಜಿ ಎವಿ1 ಮಾಡುವುದಿಲ್ಲ. ಆಗ ಕೆಲಸವೆಲ್ಲ ಪ್ರೊಸೆಸರಿನ ತಲೆಗೆ ಬಂದು ಸಿನಿಮಾ ನೋಡುವಾಗಲೂ ಫ್ಯಾನಿನ ಸದ್ದು ಏಳುತ್ತದೆ. ಕನ್ನಡ ಅಡಿಬರಹ ಯುನಿಕೋಡ್‌ನಲ್ಲಿದ್ದರೆ ಒತ್ತಕ್ಷರ ಸರಿಯಾಗಿ ಮೂಡುತ್ತದೆ. ಹಳೆಯ ಫಾಂಟ್ ಸಂಕೇತಗಳಲ್ಲಿ ಟೈಪಿಸಿದ ಕಡತವನ್ನು ಮೊದಲು ಪರಿವರ್ತಿಸಿಕೊಳ್ಳಬೇಕು.

ಜೋಡಣೆ

ಒಣ ಹವೆಯಲ್ಲಿ ಸ್ಥಾಯೀ ವಿದ್ಯುತ್ತು ಬೇಗ ಕೂಡಿಕೊಳ್ಳುತ್ತದೆ. ಉಣ್ಣೆ, ರೇಷ್ಮೆ ಎರಡೂ ಉಜ್ಜಿದರೆ ವಿದ್ಯುದಾವೇಶ ಪಡೆಯುವ ವಸ್ತುಗಳು; ಈ ಎರಡು ತಾಲ್ಲೂಕುಗಳ ಹೆಸರಾಂತ ನೇಯ್ಗೆಯೂ ಅವೇ. ಕಂಬಳಿಯ ಮೇಲೆ ಕೂತು, ರೇಷ್ಮೆ ಉಟ್ಟು ಮದರ್‌ಬೋರ್ಡ್ ಹಿಡಿಯಬಾರದು. ಮರದ ಮೇಜು, ಹತ್ತಿಯ ಬಟ್ಟೆ, ಆಗಾಗ ಅರ್ಥ್ ಆದ ಲೋಹವನ್ನು ಮುಟ್ಟುವುದು ಸಾಕು.

ಈಗಿನ ಸ್ಥಿತಿ

ಸಿದ್ಧ ಕಿರುಗಣಕ ಕೊಂಡರೆ ಈ ತೊಡಕೇ ಇಲ್ಲವೆಂಬ ಮಾತು ಇಂದು ಹೆಚ್ಚು ಕೇಳುತ್ತದೆ. ಅವುಗಳಲ್ಲಿ ಪ್ರೊಸೆಸರ್, ಕೆಲವೊಮ್ಮೆ ರ‍್ಯಾಮ್ ಕೂಡ, ಹಲಗೆಗೇ ಬೆಸೆದಿರುತ್ತವೆ. ಒಂದು ಭಾಗ ಸುಟ್ಟರೆ ಇಡೀ ಯಂತ್ರ ಮೂಲೆಗೆ. ಕೇಂದ್ರ ಸರ್ಕಾರ 2023ರ ಆಗಸ್ಟ್ 3ರಂದು ಲ್ಯಾಪ್‌ಟಾಪುಗಳ ಜೊತೆಗೆ ಅತಿ ಕಿರುಗಾತ್ರದ ಸಿದ್ಧ ಕಂಪ್ಯೂಟರುಗಳ ಆಮದನ್ನೂ ನಿರ್ಬಂಧಿತ ಪಟ್ಟಿಗೆ ಸೇರಿಸಿ, ನಂತರ ಆನ್‌ಲೈನ್ ಅನುಮತಿಯ ವ್ಯವಸ್ಥೆಯನ್ನು ತಂದಿತು. ಜೋಡಣೆಗೆ ಬೇಕಾದ ಬಿಡಿಭಾಗಗಳು ಆ ಪಟ್ಟಿಯಲ್ಲಿ ಇರಲಿಲ್ಲ.

ಹಳೆಯ ಭಾಗಗಳನ್ನು ಕೊಳ್ಳುವವರು ತಂತ್ರಾಂಶದ ಗಡುವನ್ನೂ ನೋಡಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಿರುಗಣಕಕ್ಕೆ ದಾರಿ ತೆರೆದ 2200ಜಿ, 2400ಜಿಗಳೇ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಅವುಗಳಲ್ಲಿ ಲಿನಕ್ಸ್ ಚೆನ್ನಾಗಿ ನಡೆಯುತ್ತದೆ. 2025ರ ಕೊನೆಯಿಂದ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದಾಗಿ ರ‍್ಯಾಮಿನ ಬೆಲೆ ತೀವ್ರವಾಗಿ ಏರಿದ್ದು, ಡಿಡಿಆರ್5 ಮಾತ್ರ ಒಪ್ಪುವ, ಎಎಂಡಿಯ ಎಎಂ5 ಸಾಕೆಟ್ಟಿನ ಮದರ್‌ಬೋರ್ಡುಗಳಿಗಿಂತ ಡಿಡಿಆರ್4ರ ಹಳೆಯ ಹಲಗೆಗಳನ್ನು ಮರುಬಳಸಬಹುದಾದ ಎಎಂ4 ಮದರ್‌ಬೋರ್ಡುಗಳ ಕಡೆಗೆ ಕಡಿಮೆ ಹಣದಲ್ಲಿ ಕಟ್ಟುವವರು ಮತ್ತೆ ನೋಡುವಂತಾಗಿದೆ.